ಕಣ್ಣಿಗೆ ಕೇಳಿಸಿದ ಸದ್ದು

ಕಣ್ಣು ಕಾಣದ ಹೂವಾಡಗಿತ್ತಿ ಬಡ ಅಲೆಮಾರಿಯನ್ನು ಸಾಹುಕಾರನೆಂದು ನಂಬಬೇಕು, ಅದೂ ಮಾತಿಲ್ಲದ ಸಿನಿಮಾದಲ್ಲಿ. ಈ ಪುಟ್ಟ ಗಂಟು ಬಿಡಿಸಲು ಚಾರ್ಲಿ ಚಾಪ್ಲಿನ್ 342 ಸಲ ಕ್ಯಾಮೆರಾ ಓಡಿಸಿದ.

ಬಿಡುವಿದ್ದಾಗ ಮನೆಮಂದಿಯನ್ನೆಲ್ಲ ಸೇರಿಸಿಕೊಂಡು ಒಂದು ಆಟ ಆಡಿ ನೋಡಿ. ನಿಯಮ ಒಂದೇ, ಯಾರೂ ಬಾಯಿ ಬಿಡುವಂತಿಲ್ಲ. ಅಭಿನಯಿಸಬೇಕಾದ ಕತೆಯೂ ಎರಡೇ ಸಾಲಿನದು. ರಸ್ತೆ ಬದಿಯಲ್ಲಿ ಕಣ್ಣು ಕಾಣದ ಹುಡುಗಿಯೊಬ್ಬಳು ಹೂ ಮಾರುತ್ತಿದ್ದಾಳೆ. ಕಾಸಿಗೆ ಗತಿಯಿಲ್ಲದ ಅಲೆಮಾರಿ ಅಲ್ಲಿಗೆ ಬರುತ್ತಾನೆ, ಅವಳು ಅವನನ್ನು ಭಾರೀ ಶ್ರೀಮಂತನೆಂದು ತಿಳಿದುಬಿಡುತ್ತಾಳೆ.

ಅಲೆಮಾರಿಯಾದವರು ಖಾಲಿ ಜೇಬು ಹೊರಗೆಳೆದು ಬಡತನವನ್ನು ನಿಮಿಷದಲ್ಲಿ ತಿಳಿಸಿಯಾರು. ಹುಡುಗಿಯಾದವರು ತಡಕಾಡಿ ತನಗೆ ಕಣ್ಣಿಲ್ಲವೆಂದು ತೋರಿಸಿಯಾರು. ಮೂರನೆಯದಕ್ಕೆ ಬಂದಾಗ ಆಟ ನಿಂತುಹೋಗುತ್ತದೆ. ಕೋಟು, ಉಂಗುರ, ಬೊಜ್ಜು, ಗತ್ತು, ಶ್ರೀಮಂತಿಕೆಯ ಯಾವ ಗುರುತನ್ನು ತಂದಿಟ್ಟರೂ ಹುಡುಗಿಗೆ ಕಾಣುವುದಿಲ್ಲ. ಅವಳಿಗೆ ಲೋಕವೆಲ್ಲ ಕಿವಿಯಿಂದ. ಎದುರು ಕೂತವರಿಗೋ ಏನೂ ಕೇಳಿಸುವುದಿಲ್ಲ, ಅವರಿಗೆ ಎಲ್ಲವೂ ಕಣ್ಣಿಂದ. ಹಾಗಾದರೆ ಅವಳ ಕಿವಿಗೆ ಬಿದ್ದದ್ದು ನಮ್ಮ ಕಣ್ಣಿಗೆ ಬೀಳಬೇಕು. ಎಂಥ ಸದ್ದು ಅದು? ಅದನ್ನು ಮಾಡುವವರು ಯಾರು?

ಇದೇ ಆಟಕ್ಕೆ ಚಾಪ್ಲಿನ್ ಹಾಲಿವುಡ್‌ನ ತನ್ನ ಸ್ಟುಡಿಯೊದಲ್ಲಿ ಇಳಿದಾಗ 1928 ಮುಗಿಯುತ್ತಿತ್ತು. ‘ಸಿಟಿ ಲೈಟ್ಸ್’ ಚಿತ್ರೀಕರಣ ಶುರುವಾದದ್ದು ಆ ವರ್ಷದ ಡಿಸೆಂಬರ್ 27ರಂದು. ಬಹುಪಾಲು ಮುಗಿದದ್ದು 1930ರ ಸೆಪ್ಟೆಂಬರ್ ಹೊತ್ತಿಗೆ. ನಡುವಿನ ಆ ಕಾಲದಲ್ಲಿ ಅವನನ್ನು ಎಲ್ಲಕ್ಕಿಂತ ಹೆಚ್ಚು ಕಾಡಿದ್ದು ಹೂ ಮಾರುವ ಈ ದೃಶ್ಯ. ಒಂದೇ ದೃಶ್ಯಕ್ಕೆ ಅತಿ ಹೆಚ್ಚು ರೀಟೇಕ್ ಆದದ್ದಕ್ಕೆ ಗಿನ್ನೆಸ್ ಪುಸ್ತಕದಲ್ಲೂ ಇದರ ಹೆಸರಿದೆ. 342 ಎಂಬ ಸಂಖ್ಯೆಯನ್ನು ಕೇಳಿದವರೆಲ್ಲ ‘ಅಬ್ಬಾ, ಎಂಥ ಪರಿಪೂರ್ಣತೆಯ ಹುಚ್ಚು’ ಎನ್ನುತ್ತಾರೆ. ಹುಚ್ಚೇನೋ ಹೌದು. ಆದರೆ ಸರಿಯಿದ್ದುದನ್ನೇ ತಿಕ್ಕಿ ತಿಕ್ಕಿ ಹೊಳಪು ಕೊಡುವ ಹುಚ್ಚು ಅದಾಗಿರಲಿಲ್ಲ. ಬೇಕಾದದ್ದು ಏನೆಂದು ಅವನಿಗೇ ಗೊತ್ತಿರಲಿಲ್ಲ. ಉತ್ತರ ಸಿಗದ ಲೆಕ್ಕವನ್ನು ಅವನು ಕ್ಯಾಮೆರಾ ಹಿಡಿದು ಬಿಡಿಸುತ್ತಿದ್ದ, ತಪ್ಪಿದಾಗಲೆಲ್ಲ ಅಳಿಸಿ ಮೊದಲಿನಿಂದ ಬರೆಯುತ್ತಿದ್ದ.

ಊರೆಲ್ಲ ಮಾತಾಡುವಾಗ

ಅವನು ಆರಿಸಿಕೊಂಡ ಕಾಲವೂ ಎಡವಟ್ಟಿನದೇ. 1927ರ ಅಕ್ಟೋಬರ್‌ನಲ್ಲಿ ‘ದಿ ಜಾಝ್ ಸಿಂಗರ್’ ತೆರೆಗೆ ಬಂದ ಮೇಲೆ ಹಾಲಿವುಡ್ ಪೂರ್ತಿ ಮಾತಿನ ಹಿಂದೆ ಬಿದ್ದಿತ್ತು. ಸ್ಟುಡಿಯೊಗಳು ಧ್ವನಿಮುದ್ರಣದ ಯಂತ್ರ ತರಿಸುತ್ತಿದ್ದವು, ಚಿತ್ರಮಂದಿರಗಳು ಸ್ಪೀಕರ್ ಕೂರಿಸುತ್ತಿದ್ದವು. ಮೂಕಿ ಚಿತ್ರದ ಮಹಾ ನಟರು ತಮ್ಮ ಗಂಟಲು ಹೇಗಿದೆಯೋ ಎಂದು ಹೆದರಿ ಕೂತಿದ್ದರು. ಚಾಪ್ಲಿನ್‌ನ ಹೆದರಿಕೆ ಬೇರೆ. ದೊಗಳೆ ಪ್ಯಾಂಟು, ಬಿಗಿ ಕೋಟು, ಬೆತ್ತದ ಅವನ ಅಲೆಮಾರಿಗೆ ಅದುವರೆಗೆ ಊರೂ ಇರಲಿಲ್ಲ, ಭಾಷೆಯೂ ಇರಲಿಲ್ಲ. ಹಾಗಾಗಿ ಎಲ್ಲ ಊರಿನವರಿಗೂ ಅವನು ತಮ್ಮವನೇ. ಬಾಯಿ ತೆರೆದು ಇಂಗ್ಲಿಷ್ ಆಡಿದ ಗಳಿಗೆಯಲ್ಲೇ ಅವನು ಒಂದು ದೇಶದವನಾಗಿಬಿಡುತ್ತಾನೆ.

ಹಾಗೆಂದು ಚಾಪ್ಲಿನ್ ಸದ್ದಿನ ವೈರಿಯೇನಲ್ಲ. ‘ಸಿಟಿ ಲೈಟ್ಸ್’ಗೆ ಅವನೇ ಸಂಗೀತ ಹೊಂದಿಸಿದ, ಅಲ್ಲಲ್ಲಿ ಶಬ್ದಗಳನ್ನೂ ಸೇರಿಸಿದ. ಚಿತ್ರದ ಮೊದಲ ದೃಶ್ಯದಲ್ಲಿ ಪ್ರತಿಮೆಯೊಂದರ ಅನಾವರಣ. ಗಣ್ಯರು ಒಬ್ಬೊಬ್ಬರಾಗಿ ಭಾಷಣಕ್ಕೆ ನಿಲ್ಲುತ್ತಾರೆ, ಅವರ ಬಾಯಿಂದ ಬರುವುದು ಪೀಪಿಯಂಥ ಕೀಚು ದನಿ ಮಾತ್ರ. ಮಾತಿನ ಚಿತ್ರಗಳಿಗೆ ಅವನು ಕೊಟ್ಟ ಉತ್ತರ ಅದು.

ಅಂದಮೇಲೆ ಹೂವಾಡಗಿತ್ತಿಗೆ ಬೇಕಾದ ಸದ್ದನ್ನೂ ಹಾಗೇ ಅಂಟಿಸಿಬಿಡಬಹುದಿತ್ತು. ಅವನು ದೃಶ್ಯವನ್ನು ಆ ಸೌಲಭ್ಯದ ಮೇಲೆ ನಿಲ್ಲಿಸಲು ಹೋಗಲಿಲ್ಲ. ಇವತ್ತು ಟೀವಿಯ ದನಿಯನ್ನು ಪೂರ್ತಿ ಅಡಗಿಸಿ ನೋಡಿದರೂ ಆ ಭಾಗದ ಒಂದೆಳೆಯೂ ನಮ್ಮ ಕೈತಪ್ಪುವುದಿಲ್ಲ.

ಸ್ಲೇಟು, ಬಳಪ

ಒಂದು ದೃಶ್ಯಕ್ಕೆ ಇಷ್ಟು ಟೇಕ್ ತೆಗೆಯಲು ಬೇರೆ ಯಾವ ನಿರ್ದೇಶಕನಿಗೂ ಬಿಡುತ್ತಿರಲಿಲ್ಲ. ನಿರ್ಮಾಪಕ ಮೂರನೆಯ ದಿನವೇ ಸೆಟ್ಟಿಗೆ ಬಂದು ಗಡಿಯಾರ ತೋರಿಸುತ್ತಿದ್ದ. ಇಲ್ಲಿ ನಿರ್ಮಾಪಕನೂ ಚಾಪ್ಲಿನ್, ನಿರ್ದೇಶಕನೂ ಚಾಪ್ಲಿನ್, ಕತೆಗಾರ, ಸಂಕಲನಕಾರ, ನಾಯಕ ಎಲ್ಲ ಅವನೇ. ಲಾ ಬ್ರಿಯಾ ಅವೆನ್ಯೂದ ಸ್ಟುಡಿಯೊ ಅವನ ಸ್ವಂತದ್ದು. ಚಿತ್ರ ಹಂಚುವ ಯುನೈಟೆಡ್ ಆರ್ಟಿಸ್ಟ್ಸ್ ಸಂಸ್ಥೆ ಕೂಡ 1919ರಲ್ಲಿ ಅವನು ಮೇರಿ ಪಿಕ್‌ಫರ್ಡ್, ಡಗ್ಲಾಸ್ ಫೇರ್‌ಬ್ಯಾಂಕ್ಸ್, ಡಿ.ಡಬ್ಲ್ಯು. ಗ್ರಿಫಿತ್ ಜೊತೆ ಸೇರಿ ಕಟ್ಟಿದ್ದು. ‘ಸಾಕು’ ಎನ್ನುವವರೇ ಇರಲಿಲ್ಲ.

ಅವನ ಕೆಲಸದ ರೀತಿಯೂ ಹಾಗೇ ಇತ್ತು. ಬರೆದಿಟ್ಟ ಚಿತ್ರಕಥೆಯನ್ನು ಸಾಲು ಸಾಲಾಗಿ ಚಿತ್ರೀಕರಿಸುವ ಪೈಕಿಯವನಲ್ಲ. ಸೆಟ್ ಹಾಕಿಸಿ, ವೇಷ ಹಾಕಿಕೊಂಡು, ಕ್ಯಾಮೆರಾ ಓಡಲು ಬಿಟ್ಟು ಅದರ ಮುಂದೆಯೇ ಯೋಚಿಸುವವನು. ಇನ್ನೊಬ್ಬ ಕಾಗದ ಹರಿದು ಬಿಸಾಡುವ ಕಡೆ ಇವನು ನೆಗೆಟಿವ್ ಬಿಸಾಡುತ್ತಿದ್ದ. ಬಹುಕಾಲದ ಛಾಯಾಗ್ರಾಹಕ ರೋಲಿ ಟಾಥೆರೋ ಬಳಿ ಎರಡು ಕ್ಯಾಮೆರಾಗಳು ಅಕ್ಕಪಕ್ಕ ನಿಂತು ಒಟ್ಟಿಗೆ ಓಡುತ್ತಿದ್ದವು. ಒಂದರ ನೆಗೆಟಿವ್ ಅಮೆರಿಕದ ಪ್ರಿಂಟುಗಳಿಗೆ, ಇನ್ನೊಂದರದ್ದು ಹೊರದೇಶಗಳಿಗೆ. ಹೊಳೆಯದಿದ್ದ ದಿನ ಚಾಪ್ಲಿನ್ ಸೆಟ್ಟಿಗೇ ಬರುತ್ತಿರಲಿಲ್ಲ. ಸಂಬಳದ ಜನ ವೇಷ ಹಾಕಿಕೊಂಡು ಕಾಯುತ್ತ ಕೂರುತ್ತಿದ್ದರು.

ಈ ಚಿತ್ರಕ್ಕೆ ಅವನು ಓಡಿಸಿದ ಫಿಲಂ 3,14,256 ಅಡಿ. ಸಿದ್ಧವಾದ ಚಿತ್ರದ ಉದ್ದ 8,093 ಅಡಿ. ತೆರೆಗೆ ಬಂದ ಒಂದೊಂದು ಅಡಿಯ ಹಿಂದೆ ಮೂವತ್ತೆಂಟಕ್ಕೂ ಹೆಚ್ಚು ಅಡಿ. ಆ ಫಿಲಂ ಸುರುಳಿಯನ್ನು ಬೆಂಗಳೂರಿನಲ್ಲಿ ಬಿಚ್ಚುತ್ತ ಹೊರಟರೆ ಮಂಡ್ಯದ ಹತ್ತಿರಕ್ಕೆ ಹೋಗಬಹುದು. ನಾವು ನೋಡುವುದು ಅದರಲ್ಲಿ ಎರಡೂವರೆ ಕಿಲೋಮೀಟರ್ ಮಾತ್ರ.

‘ಹೂವು ಬೇಕೇ, ಸಾರ್?’

ಹೂವಾಡಗಿತ್ತಿಯ ಪಾತ್ರಕ್ಕೆ ಚಾಪ್ಲಿನ್ ಆರಿಸಿದ್ದು ವರ್ಜೀನಿಯಾ ಚೆರಿಲ್ ಎಂಬ ಇಪ್ಪತ್ತರ ಹರೆಯದ ಹೆಣ್ಣುಮಗಳನ್ನು. ಆಕೆ ಕಣ್ಣಿಗೆ ಬಿದ್ದದ್ದು ಕುಸ್ತಿಯಂತೆ ಜನ ಸೇರುವ ಬಾಕ್ಸಿಂಗ್ ಪಂದ್ಯದಲ್ಲಿ. ನಟನೆಯ ಗಾಳಿಯೂ ಸೋಕಿರಲಿಲ್ಲ. ಅದು ಅವನಿಗೆ ತೊಂದರೆಯೆನಿಸಲಿಲ್ಲ, ಹೊಸಬರನ್ನು ತನಗೆ ಬೇಕಾದಂತೆ ತಿದ್ದುವುದು ಅವನಿಗೆ ಇಷ್ಟ. ಆಕೆಗೆ ದೂರದ್ದು ಸರಿಯಾಗಿ ಕಾಣುತ್ತಿರಲಿಲ್ಲ. ಆ ನೋಟದಲ್ಲಿ ತಾನಾಗಿ ಒಂದು ಮಸುಕು ಇತ್ತು. ಕುರುಡರ ಪಾತ್ರವೆಂದರೆ ಕಣ್ಣಾಲಿ ಮೇಲೆ ಮಾಡುವವರನ್ನೇ ಅವನು ಅಷ್ಟರವರೆಗೆ ಕಂಡಿದ್ದ. ಈಕೆಗೆ ಅವನು ಹೇಳಿಕೊಟ್ಟದ್ದು ಬೇರೆ. ನನ್ನ ಕಡೆಗೇ ನೋಡು, ಆದರೆ ನೋಟ ನಿನ್ನೊಳಗೇ ಇರಲಿ, ನಾನು ಕಾಣದಿರಲಿ. ಇದನ್ನು ಆಕೆ ಬೇಗ ಕಲಿತಳು.

ಕಲಿಯಲಾಗದೆ ಹೋದದ್ದು ಹೂವು ನೀಡುವುದನ್ನು. ಕೈ ಎಷ್ಟು ಚಾಚಬೇಕು, ಮೊಣಕೈ ಎಲ್ಲಿ ಬಾಗಬೇಕು, ಹೂವಿನ ದಂಟನ್ನು ಎಷ್ಟು ಬೆರಳಲ್ಲಿ ಹಿಡಿಯಬೇಕು, ತಲೆ ಎತ್ತುವುದು ಮೊದಲೋ ಕೈ ಎತ್ತುವುದು ಮೊದಲೋ. ಒಂದು ಸರಿಹೋದರೆ ಇನ್ನೊಂದು ತಪ್ಪುತ್ತಿತ್ತು. ಒಳ್ಳೆಯ ಗೆರೆ ಕೆಟ್ಟರೆ ಚಿತ್ರಕಾರನಿಗೆ ಹೇಗೋ ಹಾಗೆ ಚಾಪ್ಲಿನ್‌ಗೆ ಮೈಯ ಗೆರೆ ಕೆಟ್ಟರೆ ನೋವಾಗುತ್ತಿತ್ತು. ಎಲ್ಲಕ್ಕಿಂತ ಸೋಜಿಗದ್ದು ಆ ಒಂದು ಮಾತು. ಹೂವು ಕೊಡುವಾಗ ಆಕೆಯ ತುಟಿ ‘ಹೂವು ಬೇಕೇ, ಸಾರ್?’ ಎಂದು ಆಡಬೇಕು. ಯಾರಿಗೂ ಕೇಳಿಸದ ಮಾತು. ಆಕೆ ಅದನ್ನು ಆಡುವ ರೀತಿ ಸರಿಯಿಲ್ಲ, ಹೂ ಮಾರುವವರು ಯಾರೂ ಹಾಗೆ ಕೇಳುವುದಿಲ್ಲ ಎಂದು ಚಾಪ್ಲಿನ್ ಪಟ್ಟು ಹಿಡಿದ. ಮೂಕಿ ಚಿತ್ರದಲ್ಲಿ ದನಿ ಸರಿಯಿಲ್ಲವೆಂದು ರೀಟೇಕ್!

ನಗು ಬರುತ್ತದೆ. ಆದರೆ ನಮ್ಮಲ್ಲಿ ಸಂತೆಗೆ ಹೋದವರಿಗೆ ಇದು ಅರ್ಥವಾಗದ ಮಾತಲ್ಲ. ‘ಮೊಳ ಹೂವು ತಗೋಳಿ’ ಎಂದು ಕೂಗುವವಳ ಕತ್ತು, ಕೈ, ಬುಟ್ಟಿ ಎಲ್ಲ ಆ ಕೂಗಿನ ಲಯದಲ್ಲೇ ಅಲುಗುತ್ತವೆ. ದನಿ ಸುಳ್ಳಾದರೆ ಮೈಯೂ ಸುಳ್ಳಾಗುತ್ತದೆ. ಕಿವಿಗೆ ಬೀಳದಿದ್ದರೂ ಆ ಸುಳ್ಳು ಕಣ್ಣಿಗೆ ಬೀಳುತ್ತದೆ.

ಈ ಪರದಾಟದ ತುಣುಕೊಂದು ಉಳಿದುಕೊಂಡಿದೆ. ವ್ಯಂಗ್ಯಚಿತ್ರಕಾರ ರಾಲ್ಫ್ ಬಾರ್ಟನ್ ಸ್ಟುಡಿಯೊಗೆ ಬಂದಿದ್ದಾಗ ತನ್ನ ಮನೆಬಳಕೆಯ ಪುಟ್ಟ ಕ್ಯಾಮೆರಾದಲ್ಲಿ ಚಾಪ್ಲಿನ್ ಕೆಲಸ ಮಾಡುವುದನ್ನು ಹಿಡಿದಿಟ್ಟ. ಕೆವಿನ್ ಬ್ರೌನ್‌ಲೋ ಮತ್ತು ಡೇವಿಡ್ ಗಿಲ್ 1983ರಲ್ಲಿ ಮಾಡಿದ ‘ಅನ್‌ನೋನ್ ಚಾಪ್ಲಿನ್’ ಸಾಕ್ಷ್ಯಚಿತ್ರ ಸರಣಿಯಲ್ಲಿ ಅದನ್ನು ನೋಡಬಹುದು. ಅಲೆಮಾರಿಯ ವೇಷದಲ್ಲೇ ಅವನು ಕ್ಯಾಮೆರಾ ಬಳಿಗೂ ಹುಡುಗಿಯ ಬಳಿಗೂ ಓಡಾಡುತ್ತಾನೆ. ತಾನೇ ಹೂವು ಹಿಡಿದು ಮಾಡಿ ತೋರಿಸುತ್ತಾನೆ. ತೆರೆಯ ಮೇಲೆ ನಮಗೆ ಗೊತ್ತಿರುವ ಆ ಮೆದು ಮುಖದಲ್ಲಿ ಮೇಷ್ಟ್ರೊಬ್ಬರ ಅಸಹನೆ ಕುಳಿತಿರುವುದು ವಿಚಿತ್ರವಾಗಿ ಕಾಣುತ್ತದೆ.

ತಪ್ಪು ಪೂರ್ತಿ ಆಕೆಯದೇ? ‘ಕುಣಿಯಲು ಬಾರದವಳು ನೆಲ ಡೊಂಕು ಎಂದಳಂತೆ’ ಎಂಬ ಗಾದೆ ಇಲ್ಲಿ ನಿರ್ದೇಶಕನಿಗೇ ತಿರುಗಿ ಬೀಳುತ್ತದೆ. ಬಡವನನ್ನು ಶ್ರೀಮಂತನೆಂದು ಆಕೆ ಯಾಕೆ ನಂಬಬೇಕು ಎಂಬುದಕ್ಕೆ ಅವನ ಬಳಿಯೇ ಉತ್ತರವಿರಲಿಲ್ಲ. ನಂಬುವ ಕಾರಣವೇ ಇಲ್ಲದಿದ್ದಾಗ ನಂಬಿದ ಮುಖ ಎಲ್ಲಿಂದ ಬರಬೇಕು? ಆಕೆ ಯಾವ ಕೋನದಲ್ಲಿ ಹೂವು ನೀಡಿದರೂ ಅದು ಪೊಳ್ಳಾಗುತ್ತಿತ್ತು. ಪೊಳ್ಳು ಇದ್ದದ್ದು ಕತೆಯಲ್ಲಿ, ಅವನು ಹುಡುಕುತ್ತಿದ್ದದ್ದು ಮೊಣಕೈಯಲ್ಲಿ.

ಕಾರಿನ ಬಾಗಿಲು

ಕೊನೆಗೆ ಹೊಳೆದ ಉತ್ತರ ಎಷ್ಟು ಸರಳವೆಂದರೆ, ಚಿತ್ರ ನೋಡಿದವರಿಗೆ ಅದೊಂದು ಸಮಸ್ಯೆಯಾಗಿತ್ತು ಎಂಬುದೇ ತಿಳಿಯುವುದಿಲ್ಲ. ಆ ಭಾಗವನ್ನು ನಿಧಾನವಾಗಿ ನೋಡೋಣ.

ವಾಹನಗಳಿಂದ ಕಿಕ್ಕಿರಿದ ರಸ್ತೆ. ದಾಟಲು ಹೊರಟ ಅಲೆಮಾರಿಗೆ ಮೋಟಾರ್ ಸೈಕಲ್ಲಿನ ಪೊಲೀಸ್ ಕಾಣುತ್ತಾನೆ. ಪೊಲೀಸರೆಂದರೆ ಅವನಿಗೆ ಮೊದಲಿನಿಂದಲೂ ಆಗದು. ತಪ್ಪಿಸಿಕೊಳ್ಳಲು ಎದುರಿಗೆ ನಿಂತಿದ್ದ ಭಾರೀ ಕಾರಿನ ಒಂದು ಬಾಗಿಲಿನಿಂದ ಒಳಹೊಕ್ಕು, ಫುಟ್‌ಪಾತ್ ಕಡೆಯ ಬಾಗಿಲಿನಿಂದ ಠೀವಿಯಲ್ಲಿ ಇಳಿದು, ಬಾಗಿಲು ಹಾಕುತ್ತಾನೆ. ಅಲ್ಲಿ ಕೂತಿದ್ದ ಹೂವಾಡಗಿತ್ತಿ ಆ ಸದ್ದಿಗೆ ಕತ್ತು ತಿರುಗಿಸಿ ಹೂವು ಚಾಚುತ್ತಾಳೆ.

ಅವನಿಗೆ ಇನ್ನೂ ಗೊತ್ತಿಲ್ಲ. ಒಂದು ಹೂವನ್ನು ತೋರಿಸುತ್ತಾನೆ, ಅದು ಕೈತಪ್ಪಿ ಕೆಳಗೆ ಬೀಳುತ್ತದೆ. ಅವನು ಬಗ್ಗಿ ಎತ್ತಿಕೊಂಡಾಯಿತು, ಅವಳು ಮಾತ್ರ ಇನ್ನೂ ನೆಲ ಸವರುತ್ತಿದ್ದಾಳೆ. ಎತ್ತಿಕೊಂಡಿರಾ ಎಂದು ಕೇಳುತ್ತಾಳೆ. ಅವನು ಹೂವನ್ನು ಅವಳ ಮುಖದ ಹತ್ತಿರ ಹಿಡಿಯುತ್ತಾನೆ, ಅವಳ ನೋಟ ಅಲುಗುವುದಿಲ್ಲ. ಆಗ ಅವನ ಟೊಪ್ಪಿ ತಲೆಯಿಂದ ಇಳಿಯುತ್ತದೆ. ಜೇಬಿನ ನಾಣ್ಯ ಅವಳ ಕೈಗೆ ಹೋಗುತ್ತದೆ. ಅವಳು ಹೂವನ್ನು ಅವನ ಕೋಟಿಗೆ ಸಿಕ್ಕಿಸಿ ಚಿಲ್ಲರೆಗೆ ಕೈಹಾಕುತ್ತಾಳೆ. ಅಷ್ಟರಲ್ಲಿ ಕಾರಿನ ನಿಜವಾದ ಯಜಮಾನ ಬಂದು, ಹತ್ತಿ, ಬಾಗಿಲು ಬಡಿದು ಹೊರಟುಹೋಗುತ್ತಾನೆ. ಚಿಲ್ಲರೆ ತೆಗೆದುಕೊಂಡು ಹೋಗಿ ಎಂದು ಅವಳು ಹೋಗುತ್ತಿರುವ ಕಾರಿಗೆ ಹೇಳುತ್ತಾಳೆ. ಅಲೆಮಾರಿ ಪಕ್ಕದಲ್ಲೇ ನಿಂತಿದ್ದಾನೆ.

ಒಂದು ಬಾಗಿಲು ಎರಡು ಸಲ ಬಡಿಯಿತು. ಮೊದಲನೆಯದು ಸಾಹುಕಾರ ಇಳಿದ ಸದ್ದು, ಎರಡನೆಯದು ಸಾಹುಕಾರ ಹತ್ತಿದ ಸದ್ದು. ನಡುವೆ ನಡೆದದ್ದೆಲ್ಲ ಅವಳ ಲೆಕ್ಕದಲ್ಲಿ ಸಾಹುಕಾರನದು. ಮೋಟಾರು ಇರುವವರೇ ಶ್ರೀಮಂತರೆನಿಸುತ್ತಿದ್ದ ಕಾಲದಲ್ಲಿ ಆ ಬಾಗಿಲ ಸದ್ದಿಗೆ ಬೇರೆ ಅರ್ಥವಿರಲಿಲ್ಲ. ನಮಗೂ ಕಿವಿ ಬೇಕಾಗಲಿಲ್ಲ. ಬಾಗಿಲು ಮುಚ್ಚಿದ್ದು ಕಂಡಿತು, ಅವಳ ಕತ್ತು ತಿರುಗಿದ್ದು ಕಂಡಿತು. ಎರಡನ್ನೂ ಕೂಡಿಸಿದಾಗ ಸದ್ದು ನಮ್ಮ ತಲೆಯೊಳಗೆ ಹುಟ್ಟಿತು.

ಇದರಲ್ಲಿ ಇನ್ನೊಂದು ಜಾಣತನವಿದೆ. ನನಗೆ ಅದೇ ದೊಡ್ಡದೆನಿಸುತ್ತದೆ. ಅಲೆಮಾರಿ ತಾನಾಗಿ ಶ್ರೀಮಂತನ ಸೋಗು ಹಾಕಿದ್ದರೆ ಅವನು ಮೋಸಗಾರನಾಗುತ್ತಿದ್ದ, ಕುರುಡಿಯನ್ನು ಮೋಸಗೊಳಿಸುವವನನ್ನು ಕಂಡು ಯಾರೂ ನಗುವುದಿಲ್ಲ. ಕಾರಿನೊಳಗೆ ಅವನು ಹೊಕ್ಕಿದ್ದು ಪೊಲೀಸಿನವನ ಹೆದರಿಕೆಗೆ. ಅವಳು ನಂಬಿದ್ದು ಕಾರಿನ ಬಾಗಿಲನ್ನು. ಅವನು ಮಾಡಿದ್ದು ಇಷ್ಟೇ, ಸುಮ್ಮನಿದ್ದ. ‘ನಾನಿಲ್ಲೇ ಇದ್ದೇನೆ, ಚಿಲ್ಲರೆ ಕೊಡು’ ಎಂದಿದ್ದರೆ ಅವನ ಕಾಸು ಉಳಿಯುತ್ತಿತ್ತು, ಅವಳ ಕನಸು ಒಡೆಯುತ್ತಿತ್ತು. ಅವನು ಕಾಸು ಬಿಟ್ಟು ತುದಿಗಾಲಲ್ಲಿ ಜಾರಿಕೊಂಡ. ಮೂಕಿ ಚಿತ್ರದ ನಾಯಕ ಆ ಒಂದು ಗಳಿಗೆಯಲ್ಲಿ ಬೇಕೆಂದೇ ಮೂಕನಾದ.

ಕಣ್ಣಲ್ಲಿ ನೀರು ಬರುವ ಮುನ್ನ ಚಾಪ್ಲಿನ್ ಇನ್ನೊಂದು ಕೆಲಸ ಮಾಡುತ್ತಾನೆ. ಅಲೆಮಾರಿ ಸದ್ದಿಲ್ಲದೆ ಹಿಂದಿರುಗಿ ಹತ್ತಿರದಲ್ಲೇ ಕೂತು ಅವಳನ್ನು ಮೈಮರೆತು ನೋಡುತ್ತಾನೆ. ಅವಳು ಹೂವಿನ ಡಬ್ಬಿ ತೊಳೆದು ನೀರನ್ನು ಬೀಸಿ ಚೆಲ್ಲುತ್ತಾಳೆ. ಪೂರ್ತಿ ಅವನ ಮುಖಕ್ಕೆ! ಈಗಲೂ ಅವನು ಸದ್ದು ಮಾಡುವಂತಿಲ್ಲ. ನೀರು ಒರೆಸಿಕೊಳ್ಳುತ್ತ ಮೆಲ್ಲಗೆ ಎದ್ದುಹೋಗಬೇಕು. ಒಂದೇ ಮೌನ ಮೊದಲು ಎದೆ ಹಿಂಡಿತು, ಮರುಗಳಿಗೆಗೆ ನಗಿಸಿತು.

ಹತ್ತು ದಿನದ ಪಂದ್ಯ, ಒಂದೇ ಏಟಿನ ಗೋಡೆ

ಎಲ್ಲ ದೃಶ್ಯಕ್ಕೂ ಅವನು ಹೀಗೆ ತಿಣುಕಿದವನಲ್ಲ. ಇದೇ ಚಿತ್ರದ ಬಾಕ್ಸಿಂಗ್ ಪಂದ್ಯ ನೆನಪಿಸಿಕೊಳ್ಳಿ. ರೆಫರಿಯನ್ನು ಗುರಾಣಿ ಮಾಡಿಕೊಂಡು ಅಲೆಮಾರಿ ಅವನ ಬೆನ್ನಿಗೆ ಬೆನ್ನಾಗಿ ಕುಣಿಯುತ್ತಾನೆ, ಮೂವರ ಹೆಜ್ಜೆಯೂ ಒಂದೇ ತಾಳಕ್ಕೆ ಬೀಳುತ್ತದೆ. ಒಬ್ಬನ ಹೆಜ್ಜೆ ಅರೆಗಳಿಗೆ ತಪ್ಪಿದರೂ ಕೆಟ್ಟುಹೋಗುವ ಕೆಲಸ ಅದು. ತಾಲೀಮು, ಚಿತ್ರೀಕರಣ ಎರಡೂ ಸೇರಿ ಸುಮಾರು ಹತ್ತು ದಿನದಲ್ಲಿ ಅದು ಮುಗಿದಿತ್ತು. ಏನು ಬೇಕೆಂದು ಗೊತ್ತಿದ್ದಾಗ ಕಷ್ಟದ ಕೆಲಸವೂ ಬೇಗ ಆಗುತ್ತದೆ.

ಅದೇ ಕಾಲದ ಇನ್ನೊಬ್ಬ ಹಾಸ್ಯ ದಿಗ್ಗಜ ಬಸ್ಟರ್ ಕೀಟನ್‌ನ ದಾರಿಯಂತೂ ಪೂರ್ತಿ ಬೇರೆ. 1928ರ ‘ಸ್ಟೀಮ್‌ಬೋಟ್ ಬಿಲ್ ಜೂನಿಯರ್’ ಚಿತ್ರದಲ್ಲಿ ಬಿರುಗಾಳಿಗೆ ಮನೆಯ ಮುಂಗೋಡೆ ಇಡಿಯಾಗಿ ಅವನ ಮೇಲೆ ಬೀಳುತ್ತದೆ. ಮೇಲಿನ ಕಿಟಕಿಯ ಕಂಡಿ ಸರಿಯಾಗಿ ಅವನಿದ್ದ ಜಾಗಕ್ಕೆ ಬಂದು, ಅವನು ಅಲುಗದೆ ನಿಂತೇ ಇರುತ್ತಾನೆ. ಗೋಡೆ ನಿಜವಾಗಿಯೂ ಭಾರದ್ದು, ಅಂತರ ಕೆಲವೇ ಅಂಗುಲ. ಅಲ್ಲಿ ಎರಡನೆಯ ಟೇಕ್ ಎಂಬ ಮಾತೇ ಇಲ್ಲ. ಕೀಟನ್‌ನ ಪರಿಪೂರ್ಣತೆ ಮೊಳೆ, ಅಳತೆಪಟ್ಟಿ, ಸೀಮೆಸುಣ್ಣದ ಗುರುತಿನದು. ಕ್ಯಾಮೆರಾ ಓಡುವ ಮುಂಚೆಯೇ ಅದು ಮುಗಿದಿರುತ್ತದೆ. ಒಂದು ಹುಡುಗಿಯ ನಂಬಿಕೆಯನ್ನು ಅಳೆಯಲು ಚಾಪ್ಲಿನ್‌ಗೆ ಅಂಥ ಪಟ್ಟಿ ಯಾವುದೂ ಇರಲಿಲ್ಲ.

ಲೆಕ್ಕ ತೆತ್ತವರು

ಹಟದ ಬೆಲೆಯನ್ನು ಅವನೊಬ್ಬನೇ ಕೊಡಲಿಲ್ಲ. ಕುಡಿದಾಗ ಅಲೆಮಾರಿಯನ್ನು ತಬ್ಬಿಕೊಳ್ಳುವ, ಅಮಲಿಳಿದಾಗ ಗುರುತೇ ಹಿಡಿಯದ ಲಕ್ಷಾಧೀಶ್ವರನ ಪಾತ್ರಕ್ಕೆ ಮೊದಲು ಬಂದವನು ಹೆನ್ರಿ ಕ್ಲೈವ್. ತಣ್ಣೀರಿಗೆ ಬೀಳಲು ಹಿಂದೇಟು ಹಾಕಿದ್ದಕ್ಕೆ ಅವನನ್ನು ಕಳಿಸಿ ಹ್ಯಾರಿ ಮೈಯರ್ಸ್‌ನನ್ನು ಕರೆತರಲಾಯಿತು. ಸಹಾಯಕ ಹ್ಯಾರಿ ಕ್ರಾಕರ್ ಕೂಡ ನಡುವೆಯೇ ಹೊರಬಿದ್ದ.

1929ರ ನವೆಂಬರ್‌ನಲ್ಲಿ ವರ್ಜೀನಿಯಾಳ ಸರದಿ ಬಂತು. ಕೂದಲು ಮಾಡಿಸಿಕೊಳ್ಳಲು ಹೋಗಬೇಕೆಂದು ಸೆಟ್ ಬೇಗ ಬಿಟ್ಟಳೆಂಬುದು ನೆಪ. ಅವಳ ಜಾಗಕ್ಕೆ ‘ದಿ ಗೋಲ್ಡ್ ರಶ್’ನ ನಾಯಕಿ ಜಾರ್ಜಿಯಾ ಹೇಲ್ ಬಂದಳು. ಕೊನೆಯ ದೃಶ್ಯವನ್ನು ಅವಳೊಂದಿಗೆ ಚಿತ್ರೀಕರಿಸಿಯೂ ಆಯಿತು. ಆಮೇಲೆ ಕೂತು ಲೆಕ್ಕ ಹಾಕಿದಾಗ ಅದುವರೆಗೆ ತೆಗೆದದ್ದನ್ನೆಲ್ಲ ಹೊಸದಾಗಿ ತೆಗೆಯುವುದು ಆಗದ ಮಾತು ಎಂದು ತಿಳಿಯಿತು. ವರ್ಜೀನಿಯಾಳನ್ನೇ ಮತ್ತೆ ಕರೆಯಬೇಕಾಯಿತು. ಗೆಳತಿ, ನಟಿ ಮೇರಿಯನ್ ಡೇವಿಸ್ ಮೊದಲೇ ಕಿವಿಮಾತು ಹೇಳಿದ್ದಳು. ಸಂಬಳ ಏರಿಸಿದರೆ ಮಾತ್ರ ಬರುತ್ತೇನೆ ಎಂದಳು ವರ್ಜೀನಿಯಾ. ಏರಿಸಿದರು. ಇಷ್ಟು ದಿನ ಹೂವು ಚಾಚಿ ಚಾಚಿ ಸೋತ ಕೈ ಒಂದು ಸಲ ಗೆದ್ದಿತು. ಅರ್ಧ ಶತಮಾನದ ಮೇಲೆ ‘ಅನ್‌ನೋನ್ ಚಾಪ್ಲಿನ್’ ತಂಡದವರ ಮುಂದೆ ಆಕೆ ನಗುತ್ತಲೇ ಒಪ್ಪಿಕೊಂಡಿದ್ದಾಳೆ, ತಮ್ಮಿಬ್ಬರಿಗೂ ಒಬ್ಬರನ್ನು ಕಂಡರೆ ಒಬ್ಬರಿಗೆ ಆಗುತ್ತಿರಲಿಲ್ಲವೆಂದು. ತೆರೆಯ ಮೇಲೆ ಜಗತ್ತು ಕಂಡ ಅತಿ ಕೋಮಲ ಪ್ರೀತಿಗಳಲ್ಲೊಂದು ಹೀಗೆ ಮುಖ ಗಂಟಿಕ್ಕಿಕೊಂಡವರಿಬ್ಬರ ನಡುವೆ ಹುಟ್ಟಿತು.

1964ರಲ್ಲಿ ಬಂದ ಆತ್ಮಕಥೆಯಲ್ಲಿ ಚಾಪ್ಲಿನ್ ಈ ಪ್ರಸಂಗ ನೆನೆದಿದ್ದಾನೆ. ತಪ್ಪು ಹುಡುಗಿಯದಲ್ಲ, ಪರಿಪೂರ್ಣತೆಯ ಗೀಳು ಹತ್ತಿಸಿಕೊಂಡಿದ್ದ ತನ್ನದೂ ಪಾಲಿದೆ ಎಂದು ಹೇಳಿಕೊಂಡಿದ್ದಾನೆ. ತೆರೆಯ ಮೇಲೆ 70 ಸೆಕೆಂಡಿನ ದೃಶ್ಯಕ್ಕೆ ಮತ್ತೆ ಮತ್ತೆ ತೆಗೆದು ಐದು ದಿನ ಹಿಡಿಯಿತು ಎಂಬುದು ಅವನ ನೆನಪು. ಐದೇ ದಿನ! ಹೆರಿಗೆ ನೋವನ್ನು ಮರೆಯುವಂತೆ ಅವನೂ ಮರೆತಿದ್ದನೇನೋ.

1931ರ ಜನವರಿ 30ರಂದು ಲಾಸ್ ಏಂಜಲೀಸ್‌ನಲ್ಲಿ ಚಿತ್ರದ ಮೊದಲ ಪ್ರದರ್ಶನ. ಆಲ್ಬರ್ಟ್ ಐನ್‌ಸ್ಟೈನ್ ಅತಿಥಿಯಾಗಿ ಬಂದಿದ್ದರು. ಮಾತಿಲ್ಲದ ಚಿತ್ರ ಈಗ ಯಾರಿಗೆ ಬೇಕು ಎಂದವರ ಬಾಯಿ ಮುಚ್ಚುವಂತೆ ಜನ ನುಗ್ಗಿದರು. ಅದೇ ವರ್ಷದ ಮಾರ್ಚ್ 14ರಂದು ಮುಂಬಯಿಯಲ್ಲಿ ಭಾರತದ ಮೊದಲ ಮಾತಿನ ಚಿತ್ರ ‘ಆಲಂ ಆರಾ’ ಬಿಡುಗಡೆಯಾಯಿತು. ನಾವು ಮಾತು ಕಲಿತ ಗಳಿಗೆಯಲ್ಲಿ ಚಾಪ್ಲಿನ್ ಮೌನದ ಪಾಠ ಒಪ್ಪಿಸುತ್ತಿದ್ದ.

ಬೆಂಗಳೂರಿನ ಮೌನ

ಆ ಪಾಠ ಐದೂವರೆ ದಶಕ ಕಳೆದ ಮೇಲೆ ಬೆಂಗಳೂರಿನಲ್ಲಿ ಇನ್ನೊಂದು ರೂಪದಲ್ಲಿ ಬಂತು. ಸಿಂಗೀತಂ ಶ್ರೀನಿವಾಸರಾವ್ ನಿರ್ದೇಶಿಸಿ, ಶೃಂಗಾರ್ ನಾಗರಾಜ್ ನಿರ್ಮಾಣದಲ್ಲಿ ಪಾಲು ಹೊತ್ತ 1987ರ ‘ಪುಷ್ಪಕ ವಿಮಾನ’ದಲ್ಲಿ ಒಂದೂ ಸಂಭಾಷಣೆಯಿಲ್ಲ. ಕೆಲಸವಿಲ್ಲದ ಬಡ ಯುವಕ ಕಮಲ ಹಾಸನ್ ಪಂಚತಾರಾ ಹೋಟೆಲಿನಲ್ಲಿ ಸಾಹುಕಾರನಂತೆ ಇರುತ್ತಾನೆ, ಅಮಲಾ ಅವನನ್ನು ಹಾಗೇ ನಂಬುತ್ತಾಳೆ. ಬಡವನನ್ನು ಶ್ರೀಮಂತನೆಂದು ತಿಳಿಯುವ ಹಳೆಯ ಗಂಟೇ ಇದು.

ಆದರೆ ಸಿಂಗೀತಂ ಕೈಯಲ್ಲಿ ಚಾಪ್ಲಿನ್ ಬಳಸದ ಹತಾರವಿತ್ತು. ಅವರು ತೆಗೆದುಹಾಕಿದ್ದು ಮಾತನ್ನು ಮಾತ್ರ, ಸದ್ದನ್ನಲ್ಲ. ಟಾಕೀಸಿನ ಪಕ್ಕದ ಗದ್ದಲದ ಕೋಣೆಯಲ್ಲಿ ಮಲಗಿ ರೂಢಿಯಾದ ನಾಯಕನಿಗೆ ಹೋಟೆಲಿನ ನಿಶ್ಶಬ್ದದಲ್ಲಿ ನಿದ್ದೆ ಬಾರದು. ವಾಪಸು ಹೋಗಿ ಆ ಗದ್ದಲವನ್ನೇ ಟೇಪಿನಲ್ಲಿ ತುಂಬಿಕೊಂಡು ಬಂದು, ಹಾಕಿಕೊಂಡು ಮಲಗುತ್ತಾನೆ. ಬಡತನಕ್ಕೂ ಶ್ರೀಮಂತಿಕೆಗೂ ಬೇರೆ ಬೇರೆ ಸದ್ದುಗಳಿವೆ ಎಂಬುದು ಕಾರಿನ ಬಾಗಿಲು ಮೊದಲೇ ಹೇಳಿದ್ದ ಮಾತು. ಇಲ್ಲಿ ಅದು ಕಿವಿಗೇ ಕೇಳಿಸುತ್ತದೆ. ಈ ತಮಾಷೆಯನ್ನು ಟೀವಿಯ ದನಿ ಅಡಗಿಸಿ ನೋಡಿದರೆ ಅರ್ಧ ಕರಗಿಹೋಗುತ್ತದೆ. ಹೂವಾಡಗಿತ್ತಿಯ ದೃಶ್ಯ ಕರಗುವುದಿಲ್ಲ.

ಕೈ ಹಿಡಿದಾಗ

‘ಸಿಟಿ ಲೈಟ್ಸ್’ನ ಕೊನೆಗೆ ಹುಡುಗಿಗೆ ಕಣ್ಣು ಬಂದಿದೆ. ಅಲೆಮಾರಿ ಹೇಗೋ ದೊರಕಿಸಿಕೊಟ್ಟ ಹಣದಿಂದ ಆದದ್ದು ಅದು, ಅದಕ್ಕಾಗಿ ಅವನು ಜೈಲಿಗೂ ಹೋಗಿ ಬಂದಿದ್ದಾನೆ. ಈಗ ಅವಳಿಗೆ ಸ್ವಂತ ಹೂವಿನಂಗಡಿಯಿದೆ. ಅಂಗಡಿ ಮುಂದೆ ಕಾರು ನಿಂತಾಗಲೆಲ್ಲ ಅವಳ ಕಣ್ಣು ಯಾರನ್ನೋ ಹುಡುಕುತ್ತದೆ. ಹರಕು ಬಟ್ಟೆಯವನೊಬ್ಬ ಗಾಜಿನಾಚೆ ನಿಂತು ತನ್ನನ್ನೇ ನೋಡುತ್ತಿರುವುದು ಕಂಡು ನಗುತ್ತಾಳೆ. ಕನಿಕರಕ್ಕೆ ಹೊರಬಂದು ಒಂದು ಹೂವು, ಒಂದು ನಾಣ್ಯ ಕೊಡಹೋಗುತ್ತಾಳೆ. ಅವನು ಹಿಂಜರಿದಾಗ ಕೈ ಹಿಡಿದು ನಾಣ್ಯವನ್ನು ಅಂಗೈಯಲ್ಲಿಡುತ್ತಾಳೆ.

ಅಲ್ಲಿ ಬೆರಳು ನಿಲ್ಲುತ್ತದೆ. ಆ ಕೈ ಅವಳಿಗೆ ಗೊತ್ತು. ಬೆರಳು ಅವನ ಕೋಟಿನ ಮೇಲೆ, ತೋಳಿನ ಮೇಲೆ ಹರಿಯುತ್ತದೆ.

ಕಿವಿ ಅವಳಿಗೆ ಸುಳ್ಳು ಹೇಳಿತ್ತು. ಕಣ್ಣು ಬಂದ ಮೇಲೂ ಅದಕ್ಕೆ ಅವನ ಗುರುತು ಸಿಗಲಿಲ್ಲ, ನಕ್ಕುಬಿಟ್ಟಿತು. ನಿಜ ಹೇಳಿದ್ದು ಮುಟ್ಟಿದ ಕೈ. ಅದನ್ನು ನಮಗೆ ತಿಳಿಸಲು ಸದ್ದೂ ಬೇಕಿರಲಿಲ್ಲ, ಬಾಗಿಲೂ ಬೇಕಿರಲಿಲ್ಲ. ವರ್ಷಗಟ್ಟಲೆ ಹೂವು ನೀಡುವುದು ಬಾರದೆಂದು ಬೈಸಿಕೊಂಡ ವರ್ಜೀನಿಯಾ ಈ ದೃಶ್ಯದಲ್ಲೂ ಹೂವನ್ನೇ ನೀಡಬೇಕಿತ್ತು. ಈ ಸಲ ಅವಳ ಕೈಯನ್ನು ಅವನು ತಿದ್ದಲಿಲ್ಲ. 1930ರ ಸೆಪ್ಟೆಂಬರ್‌ನಲ್ಲಿ ಅದು ಆರು ದಿನದಲ್ಲಿ ಮುಗಿಯಿತು.